ದೇವರ ಪ್ರೀತಿಗೂ ರೀಚಾರ್ಜ್ ಮಾಡಿಸಬೇಕಾ?

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ದೇವಶಾಸ್ತ್ರ ಓದಿದವನಲ್ಲ. ಓದಿದ್ದು ಇಂಜಿನಿಯರಿಂಗು, ಹೊಟ್ಟೆಪಾಡಿಗೆ ಬರೆಯೋದು ಕೋಡು. ಆದರೆ ಹುಟ್ಟಿ ಬೆಳೆದದ್ದು ಕನ್ನಡ ಮಾತಾಡುವ ಕ್ರೈಸ್ತರ ಮನೆಯಲ್ಲಿ. ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ವಚನಗಳು ಇವತ್ತಿಗೂ ನಾಲಿಗೆ ತುದಿಯಲ್ಲಿವೆ. ಹಾಗಾಗಿ ಈ ವಿಷಯದಲ್ಲಿ ಜಗಳ ಆಡುವುದಕ್ಕೆ ನನಗೂ ಒಂದಿಷ್ಟು ಹಕ್ಕಿದೆ ಅಂದುಕೊಂಡಿದ್ದೇನೆ.

ಜಗಳ ಯಾರ ಜೊತೆ? ದೇವರ ಪ್ರೀತಿಯನ್ನು ಪ್ರೀಪೇಯ್ಡ್ ಸಿಮ್ಮು ಮಾಡಿ ಮಾರುತ್ತಿರುವವರ ಜೊತೆ. ಕಾಣಿಕೆ ಹಾಕಿದರೆ ಬ್ಯಾಲೆನ್ಸ್ ಏರುತ್ತದೆ, ಹಾಕದಿದ್ದರೆ ಇಳಿಯುತ್ತದೆ. ಉಪವಾಸ ಮಾಡಿದರೆ ಟಾಪ್ ಅಪ್, ಅನುಮಾನ ಪಟ್ಟರೆ ಕನೆಕ್ಷನ್ ಕಟ್! ಮೊಬೈಲ್ ಕಂಪನಿಯವರಾದರೂ ವ್ಯಾಲಿಡಿಟಿ ಎಷ್ಟು ದಿನ ಅಂತ ಮೊದಲೇ ಹೇಳುತ್ತಾರೆ. ಇವರು ಅದನ್ನೂ ಹೇಳೋಲ್ಲ.

ಇದಕ್ಕೆ ಪ್ರಾಸ್ಪೆರಿಟಿ ಗಾಸ್ಪೆಲ್ ಅಂತ ಹೆಸರು. ಕನ್ನಡದಲ್ಲಿ ಸಮೃದ್ಧಿಯ ಸುವಾರ್ತೆ ಅನ್ನಬಹುದು. ಇದರ ತಿರುಳು ಇಷ್ಟೇ: ದೇವರು ನಿನ್ನನ್ನು ಪ್ರೀತಿಸುತ್ತಾನೆ ಅನ್ನೋದಕ್ಕೆ ಗುರುತು ನಿನ್ನ ಆರೋಗ್ಯ ಮತ್ತು ನಿನ್ನ ಹಣ. ಅವೆರಡೂ ಇಲ್ಲವಾದರೆ ನಿನ್ನ ನಂಬಿಕೆಯಲ್ಲಿ ಎಲ್ಲೋ ತೂತಿದೆ. ತೂತು ಮುಚ್ಚಬೇಕಾದರೆ ಇನ್ನಷ್ಟು ಕೊಡು.

ನನ್ನ ವಾದ ಕೂಡ ಇಷ್ಟೇ. ದೇವರ ಪ್ರೀತಿ ಬದಲಾಗುವುದಿಲ್ಲ ಅನ್ನೋದು ಕ್ರೈಸ್ತ ನಂಬಿಕೆಯ ಅಡಿಪಾಯ. ಅದು ನಿಜವಾದರೆ ಆ ಪ್ರೀತಿಯನ್ನು ಹೆಚ್ಚಿಸಿ ಕೊಡುತ್ತೇನೆ ಅನ್ನುವವನೂ ಸುಳ್ಳುಗಾರ, ಕಮ್ಮಿಯಾಗುತ್ತದೆ ಹುಷಾರ್ ಅಂತ ಹೆದರಿಸುವವನೂ ಸುಳ್ಳುಗಾರ. ಇಬ್ಬರೂ ಕೈಯಲ್ಲಿ ಬೈಬಲ್ ಹಿಡಿದಿರುತ್ತಾರೆ ಅನ್ನೋದೇ ತಮಾಷೆ.

ಕ್ರೈಸ್ತರಲ್ಲದ ಗೆಳೆಯರಿಗಾಗಿ ಸ್ವಲ್ಪ ಹಿನ್ನೆಲೆ ಕೊಡುತ್ತೇನೆ. ಹೊಸ ಒಡಂಬಡಿಕೆಯಲ್ಲಿ ಯೋಹಾನನ ಮೊದಲ ಪತ್ರ ಅಂತ ಒಂದಿದೆ. ದೇವರು ಪ್ರೀತಿ ಮಾಡುತ್ತಾನೆ ಅಂತಷ್ಟೇ ಹೇಳಿ ಅದು ಸುಮ್ಮನಾಗೋದಿಲ್ಲ, ದೇವರ ಸ್ವರೂಪವೇ ಪ್ರೀತಿ ಅನ್ನುತ್ತದೆ. ಯಾಕೋಬನ ಪತ್ರ ಆ ದೇವರಲ್ಲಿ ಬದಲಾವಣೆಯ ನೆರಳೂ ಇಲ್ಲ ಅನ್ನುತ್ತದೆ. ಹಳೆ ಒಡಂಬಡಿಕೆಯ 136ನೇ ಕೀರ್ತನೆಯಲ್ಲಿ ಇರೋದು 26 ವಚನ, 26ರಲ್ಲೂ ಅದೇ ಪಲ್ಲವಿ. ಸೂರ್ಯ ಚಂದ್ರರ ಸೃಷ್ಟಿಯಿಂದ ಹಿಡಿದು ಸಕಲ ಜೀವಿಗಳಿಗೆ ಅನ್ನ ಕೊಡುವ ತನಕ ಒಂದೊಂದನ್ನೇ ಹೇಳಿ, ಪ್ರತಿ ಸಲವೂ ಆ ಪ್ರೀತಿಗೆ ಕೊನೆಯಿಲ್ಲ ಅನ್ನುತ್ತದೆ. ಅಲ್ಲಿ ಬರುವ ಹೀಬ್ರೂ ಪದ ಹೆಸೆದ್. ಕನ್ನಡದಲ್ಲಿ ಸಾಮಾನ್ಯವಾಗಿ ಕೃಪೆ ಅಂತ ಅನುವಾದ ಮಾಡುತ್ತಾರೆ. ಆದರೆ ಕೊಟ್ಟ ಮಾತಿಗೆ ಅಂಟಿಕೊಂಡು ನಿಲ್ಲುವ ನಿಷ್ಠೆಯೂ ಆ ಪದದೊಳಗೆ ಸೇರಿದೆ. ಎದುರಿನವನು ಮಾತು ಮುರಿದರೂ ತಾನು ಮುರಿಯದ ಪ್ರೀತಿ ಅಂತಿಟ್ಟುಕೊಳ್ಳಿ.

ನಮ್ಮ ಕಸುಬಿನ ಭಾಷೆಯಲ್ಲಿ ಹೇಳಬೇಕೆಂದರೆ ಇದು ವೇರಿಯಬಲ್ ಅಲ್ಲ, ಕಾನ್‌ಸ್ಟಂಟ್. ಒಮ್ಮೆ ಹಾಗಂತ ಘೋಷಿಸಿದ ಮೇಲೆ ಅದರೊಳಗೆ ಬೇರೆ ಬೆಲೆ ತುಂಬಲು ಹೋದರೆ ಕಂಪೈಲರು ಮುಖಕ್ಕೆ ಹೊಡೆದ ಹಾಗೆ ಎರರ್ ಕೊಡುತ್ತದೆ. ವೇದಿಕೆ ಮೇಲಿನ ಪ್ರಸಂಗಕ್ಕೆ ಕಂಪೈಲರ್ ಇಲ್ಲವಲ್ಲ, ಏನು ಮಾಡೋದು!

ಈಗ ಇವರ ಬ್ರಹ್ಮಾಸ್ತ್ರಕ್ಕೆ ಬರೋಣ. ಹಳೆ ಒಡಂಬಡಿಕೆಯ ಕೊನೆಯ ಪುಸ್ತಕ ಮಲಾಕಿ. ಅದರ ಮೂರನೇ ಅಧ್ಯಾಯದ ಹತ್ತನೇ ವಚನದಲ್ಲಿ ದಶಮಾಂಶವನ್ನು, ಅಂದರೆ ಆದಾಯದ ಹತ್ತರಲ್ಲಿ ಒಂದು ಪಾಲನ್ನು, ಪೂರ್ತಿ ತಂದುಕೊಡಿ, ಆಗ ಪರಲೋಕದ ಕಿಟಕಿ ತೆರೆದು ಆಶೀರ್ವಾದ ಸುರಿಯುತ್ತೇನೋ ಇಲ್ಲವೋ ನೋಡಿ ಅನ್ನುವ ಅರ್ಥದ ಮಾತಿದೆ. ಕಾಣಿಕೆ ಡಬ್ಬಿ ಹೊರಡುವ ಮುಂಚೆ ಈ ವಚನ ಬಂದೇ ಬರುತ್ತದೆ. ಸರಿ, ಇದೆ. ಆದರೆ ಅದೇ ಪುಟದಲ್ಲಿ ಸ್ವಲ್ಪ ಮೇಲೆ ಕಣ್ಣು ಹಾಯಿಸಿ. ಆರನೇ ವಚನದಲ್ಲಿ ಏನಿದೆ ಗೊತ್ತಾ? ನಾನು ಬದಲಾಗುವವನಲ್ಲ, ಆದ್ದರಿಂದಲೇ ನೀವು ಇನ್ನೂ ನಾಶವಾಗದೆ ಉಳಿದಿದ್ದೀರಿ ಅಂತ ದೇವರು ಹೇಳುವ ಮಾತು! ಅಂದರೆ ದಶಮಾಂಶದಲ್ಲಿ ಮೋಸ ಮಾಡಿದವರಿಗೂ ಆ ಪ್ರೀತಿ ನಿಂತಿರಲಿಲ್ಲ. ನಿಂತಿದ್ದರೆ ಬೈಸಿಕೊಳ್ಳುವುದಕ್ಕೂ ಅವರು ಇರುತ್ತಿರಲಿಲ್ಲ. ಇಡೀ ಅಧ್ಯಾಯ ನಿಂತಿರೋದು ಆ ಬದಲಾಗದ ಪ್ರೀತಿಯ ಮೇಲೆ. ಅದನ್ನು ಬಿಟ್ಟು ಹತ್ತನೇ ವಚನವನ್ನಷ್ಟೇ ಕತ್ತರಿಸಿ ತಂದರೆ ಪ್ರೀತಿ ಹೋಗಿ ಚೀಟಿ ವ್ಯವಹಾರ ಆಗುತ್ತದೆ.

ಇನ್ನೂ ಒಂದು ಸಾಲು ಮೇಲೆ ಹೋಗಿ. ಐದನೇ ವಚನ. ಕೂಲಿಯವನ ಸಂಬಳ ಹಿಡಿದಿಟ್ಟುಕೊಳ್ಳುವವರ ಮೇಲೆ, ವಿಧವೆಯರನ್ನೂ ಅನಾಥರನ್ನೂ ಗೋಳು ಹೊಯ್ದುಕೊಳ್ಳುವವರ ಮೇಲೆ ತೀರ್ಪಿಗೆ ಬರುತ್ತೇನೆ ಅಂತಾನೆ ದೇವರು. ಆ ಕಾಲದ ದಶಮಾಂಶ ಬಹುಪಾಲು ದವಸಧಾನ್ಯ, ಎಣ್ಣೆ, ದ್ರಾಕ್ಷಾರಸ. ಧರ್ಮೋಪದೇಶಕಾಂಡದ 14ನೇ ಅಧ್ಯಾಯ ನೋಡಿದರೆ ಮೂರು ವರ್ಷಕ್ಕೊಮ್ಮೆ ಅದನ್ನು ಊರಲ್ಲೇ ಇಟ್ಟು ಲೇವಿಯರಿಗೆ, ಪರದೇಶಿಗಳಿಗೆ, ಅನಾಥರಿಗೆ, ವಿಧವೆಯರಿಗೆ ಹೊಟ್ಟೆ ತುಂಬ ಉಣಿಸಬೇಕು ಅಂತಿದೆ. ವಿಧವೆಗೆ ಉಣ್ಣಲು ಕೊಡಬೇಕಾಗಿದ್ದ ಪಾಲನ್ನು ಇವತ್ತು ವಿಧವೆಯ ಕೈಯಿಂದಲೇ ವಸೂಲಿ ಮಾಡೋದಕ್ಕೆ ಅದೇ ಪುಸ್ತಕವನ್ನು ಬಳಸುತ್ತಾರಲ್ಲ, ಇದಕ್ಕೆ ಏನನ್ನೋಣ?

ಈ ವ್ಯಾಪಾರ ಇವತ್ತಿನ ರೂಪಕ್ಕೆ ಬಂದದ್ದು ಇಪ್ಪತ್ತನೇ ಶತಮಾನದ ಅಮೆರಿಕದಲ್ಲಿ. ಕೆನೆತ್ ಹೇಗಿನ್, ಓರಲ್ ರಾಬರ್ಟ್ಸ್ ಇದರ ದೊಡ್ಡ ಹೆಸರುಗಳು. ಕೊಡುವ ಹಣ ಒಂದು ಬೀಜ, ಬಿತ್ತಿದರೆ ಪವಾಡದ ಬೆಳೆ ಬರುತ್ತದೆ ಅನ್ನುವ 'ಬೀಜ ನಂಬಿಕೆ'ಯನ್ನು ಜನಪ್ರಿಯ ಮಾಡಿದವರು ರಾಬರ್ಟ್ಸ್. 1987ರಲ್ಲಿ ಅವರು ಮಾರ್ಚ್ ಮುಗಿಯುವುದರೊಳಗೆ 80 ಲಕ್ಷ ಡಾಲರ್ ಕೂಡದಿದ್ದರೆ ದೇವರು ನನ್ನನ್ನು ಕರೆದುಕೊಂಡುಬಿಡುತ್ತಾನೆ ಅಂತ ಟೀವಿಯಲ್ಲಿ ಹೇಳಿದರು. ಹಣ ಕೂಡಿತು. ಅದರಲ್ಲಿ 13 ಲಕ್ಷ ಡಾಲರ್ ಕೊಟ್ಟವನು ಫ್ಲಾರಿಡಾದ ನಾಯಿ ರೇಸಿನ ಮಾಲೀಕ! ಹಣ ವೈದ್ಯಕೀಯ ಓದುವವರಿಗಾಗಿ ಅಂತ ಅವರು ಹೇಳಿದ್ದರು, ಇರಲಿ. ನನ್ನ ತಕರಾರು ಹಣದ ಬಗ್ಗೆ ಅಲ್ಲ. ಆ ಮಾತಿನಲ್ಲಿ ಕಾಣಿಸುವ ದೇವರು ಎಂಥವನು ಅನ್ನೋದರ ಬಗ್ಗೆ. ಗಡುವು ಕೊಟ್ಟು ಸಾಲ ವಸೂಲಿಗೆ ಬರುವ ಆಸಾಮಿಗೂ ಅವನಿಗೂ ಏನು ವ್ಯತ್ಯಾಸ?

ಅದೇ ಟೀವಿ ಲೋಕದ ಇನ್ನೊಬ್ಬರು ಜಿಮ್ ಬ್ಯಾಕರ್. 1989ರಲ್ಲಿ ವಂಚನೆ ಸಾಬೀತಾಗಿ 45 ವರ್ಷ ಶಿಕ್ಷೆಯಾಯಿತು, ಆಮೇಲೆ ಅದು ಕಡಿಮೆಯಾಗಿ 1994ರಲ್ಲಿ ಹೊರಬಂದರು. 1996ರಲ್ಲಿ ಬರೆದ ಪುಸ್ತಕದಲ್ಲಿ ತಾನು ಸಾರಿದ ಸಮೃದ್ಧಿಯ ಬೋಧನೆ ತಪ್ಪು ಅಂತ ಒಪ್ಪಿಕೊಂಡರು. ಪುಸ್ತಕದ ಹೆಸರೇ 'ಐ ವಾಸ್ ರಾಂಗ್'. ಅಂಗಡಿಯವನೇ ಮಾಲು ಖೋಟಾ ಅಂದ ಮೇಲೂ ವ್ಯಾಪಾರ ಮಾತ್ರ ನಿಲ್ಲಲಿಲ್ಲ.

ಇವರಿಗೆ ಹೋಶೇಯನ ಕಥೆ ಹೇಳಬೇಕು ಅನ್ನಿಸುತ್ತದೆ. ಕ್ರಿಸ್ತಪೂರ್ವ ಎಂಟನೇ ಶತಮಾನದ ಪ್ರವಾದಿ. ಅವನ ಹೆಂಡತಿ ಗೋಮೆರ್ ಬೇರೆಯವರ ಹಿಂದೆ ಹೋಗುತ್ತಾಳೆ. ಊರವರು ಏನಂದಿರಬಹುದು ನೀವೇ ಊಹಿಸಿ. ಮೂರನೇ ಅಧ್ಯಾಯದಲ್ಲಿ ಹೋಶೇಯ 15 ಶೆಕೆಲ್ ಬೆಳ್ಳಿ, ಅದರ ಜೊತೆ ಒಂದಿಷ್ಟು ಜವೆಗೋಧಿ ಕೊಟ್ಟು ಅವಳನ್ನು ಬಿಡಿಸಿಕೊಂಡು ಬರುತ್ತಾನೆ. ಇಸ್ರಾಯೇಲಿನ ಮೇಲೆ ದೇವರಿಗಿರುವ ಪ್ರೀತಿ ಹೀಗೆ ಅಂತ ತೋರಿಸೋದಕ್ಕೆ ಈ ಕಥೆ. ಗಮನಿಸಿ, ಇಲ್ಲಿ ಹಣ ಎಣಿಸಿದವನು ಪ್ರೀತಿಸಿದವನು. ಪ್ರೀತಿ ಪಡೆದವಳು ಒಂದು ಕಾಸೂ ಕೊಟ್ಟಿಲ್ಲ. ಕ್ರೈಸ್ತರು ಶಿಲುಬೆಯನ್ನು ನೋಡೋದೂ ಹೀಗೇ. ಬೆಲೆ ತೆತ್ತವನು ದೇವರು. ಅಷ್ಟಾದ ಮೇಲೆ ಕೌಂಟರ್ ತೆರೆದು ಕೂರೋದಕ್ಕೆ ಇವರಿಗೆ ಹೇಳಿದವರು ಯಾರು?

ಇದು ಹೊಸ ರೋಗ ಏನಲ್ಲ. 1517ರಲ್ಲಿ ಜರ್ಮನಿಯಲ್ಲಿ ಯೋಹಾನ್ ಟೆಟ್ಸೆಲ್ ಪಾಪದ ಶಿಕ್ಷೆ ಕಡಿಮೆ ಮಾಡುವ ಪತ್ರಗಳನ್ನು ದುಡ್ಡಿಗೆ ಹಂಚುತ್ತಿದ್ದ. ರೋಮಿನ ಸಂತ ಪೇತ್ರರ ದೇವಾಲಯ ಕಟ್ಟೋದಕ್ಕೆ ಅಂತ ಹೆಸರು. ಮಾರ್ಟಿನ್ ಲೂಥರ್ ಬರೆದ 95 ವಾದಗಳಲ್ಲಿ 82ನೆಯದು ನನಗೆ ಬಹಳ ಇಷ್ಟ. ಜನ ಕೇಳುತ್ತಿರುವ ಪ್ರಶ್ನೆ ಅಂತ ಅವನು ಅದನ್ನು ಇಡುತ್ತಾನೆ. ಕಾಸಿಗಾಗಿ ಲೆಕ್ಕವಿಲ್ಲದಷ್ಟು ಆತ್ಮಗಳನ್ನು ಬಿಡಿಸುವ ಪೋಪರು, ಪ್ರೀತಿಗಾಗಿ ಎಲ್ಲರನ್ನೂ ಒಟ್ಟಿಗೇ ಯಾಕೆ ಬಿಡಿಸಬಾರದು? ಉತ್ತರ ಇರಲಿಲ್ಲ. ಕೆಥೋಲಿಕ್ ಸಭೆಯೂ ಕೊನೆಗೆ ಇದನ್ನು ಸರಿಮಾಡಿಕೊಂಡಿತು. 1567ರಲ್ಲಿ ಐದನೇ ಪಯಸ್ ಪೋಪರು ಹಣದ ವಹಿವಾಟು ಸೇರಿದ ಅಂಥ ಎಲ್ಲ ಅನುಮತಿಗಳನ್ನೂ ರದ್ದು ಮಾಡಿದರು. ದುರಂತ ಏನೆಂದರೆ, ಲೂಥರನ ಮಕ್ಕಳು ನಾವು ಅಂತ ಎದೆ ತಟ್ಟಿಕೊಳ್ಳುವವರಲ್ಲೇ ಇವತ್ತು ಟೆಟ್ಸೆಲ್‌ಗಳು ಇದ್ದಾರೆ.

ಇಷ್ಟು ಸಿಟ್ಟು ಯಾಕಪ್ಪಾ, ಕೊಡುವವರು ಕೊಡುತ್ತಾರೆ, ನಿಂಗೇನು ಕಷ್ಟ ಅಂತ ಕೇಳಬಹುದು. ಹೇಳುತ್ತೇನೆ. ನನ್ನ ದೊಡ್ಡಮ್ಮನಿಗೆ ಸ್ತನ ಕ್ಯಾನ್ಸರ್ ಆಗಿತ್ತು. ಕೀಮೋ ನಡೆಯುತ್ತಿದ್ದಾಗ ಒಂದು ಪ್ರಾರ್ಥನಾ ಕೂಟದವರು ಮನೆಗೆ ಬರೋಕೆ ಶುರು ಮಾಡಿದರು. ಮೊದಲು ಪ್ರಾರ್ಥನೆ, ಆಮೇಲೆ ವಿಶೇಷ ಕಾಣಿಕೆ, ಆಮೇಲೆ ಎರಡು ಬಳೆ. ಗುಣ ಕಾಣದಿದ್ದಾಗ ಅವರು ಹೇಳಿದ್ದು, ಆಸ್ಪತ್ರೆ ಮೇಲೆ ಇಟ್ಟ ನಂಬಿಕೆ ದೇವರ ಮೇಲೆ ಇಟ್ಟಿಲ್ಲ, ಅದಕ್ಕೇ ತಡೆ ಅಂತ. ಪುಣ್ಯಕ್ಕೆ ದೊಡ್ಡಮ್ಮ ಕೀಮೋ ಬಿಡಲಿಲ್ಲ. ಎರಡು ವರ್ಷ ಬದುಕಿದ್ದರು. ಆದರೆ ಆ ಎರಡು ವರ್ಷದಲ್ಲಿ ನಾನು ಹೋದಾಗಲೆಲ್ಲ ಒಂದೇ ಮಾತು. "ನಾನೇನು ಕಮ್ಮಿ ಮಾಡಿದೆನೋ ಮಗಾ, ದೇವರಿಗೆ ನನ್ನ ಮೇಲೆ ಯಾಕೋ ಪ್ರೀತಿ ಹೋಯ್ತು ಕಣೋ." ಐವತ್ತು ವರ್ಷ ಭಾನುವಾರ ತಪ್ಪಿಸದ ಹೆಂಗಸು! ಬಳೆ ಹೋದರೆ ಹೋಗಲಿ. ಸಾಯುವ ಮನುಷ್ಯರಿಗೆ ಉಳಿದಿರುವ ಒಂದೇ ಆಸರೆಯನ್ನು ಕಿತ್ತುಕೊಳ್ಳುವುದಕ್ಕೆ ಯಾವ ಕಾನೂನಿನಲ್ಲೂ ಶಿಕ್ಷೆ ಇಲ್ಲ.

ಕೇಟ್ ಬೌಲರ್ ಅಂತ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಇತಿಹಾಸಕಾರ್ತಿ ಇದ್ದಾರೆ. ಈ ಸಮೃದ್ಧಿ ಬೋಧನೆಯ ಇತಿಹಾಸವನ್ನೇ ಅಧ್ಯಯನ ಮಾಡಿ 2013ರಲ್ಲಿ 'ಬ್ಲೆಸ್ಡ್' ಅನ್ನುವ ಪುಸ್ತಕ ತಂದರು. ಎರಡು ವರ್ಷದಲ್ಲಿ, ತಮ್ಮ 35ನೇ ವಯಸ್ಸಿನಲ್ಲಿ, ಅವರಿಗೇ ನಾಲ್ಕನೇ ಹಂತದ ಕರುಳಿನ ಕ್ಯಾನ್ಸರ್ ಅಂತ ಗೊತ್ತಾಯಿತು. ಎಲ್ಲದಕ್ಕೂ ಒಂದು ಕಾರಣ ಇದ್ದೇ ಇರುತ್ತದೆ ಅನ್ನುವ ಸಮಾಧಾನದ ಮಾತು ಕಾಯಿಲೆಯವರಿಗೆ ಹೇಗೆ ಚುಚ್ಚುತ್ತದೆ ಅಂತ 2018ರ ಪುಸ್ತಕದಲ್ಲಿ ಬರೆದರು. ಕಾರಣ ಹುಡುಕುತ್ತಾ ಹೋದರೆ ಬೆರಳು ಕೊನೆಗೆ ರೋಗಿಯ ಕಡೆಗೇ ತಿರುಗುತ್ತದೆ.

ಈಗ ಎದುರು ವಾದಗಳು. ಅವರೇನೂ ದಡ್ಡರಲ್ಲ, ಅವರ ಹತ್ತಿರವೂ ವಚನಗಳಿವೆ. ಧರ್ಮೋಪದೇಶಕಾಂಡದ 28ನೇ ಅಧ್ಯಾಯ ತೆಗೆದು, ವಿಧೇಯನಾದರೆ ಆಶೀರ್ವಾದ, ಇಲ್ಲದಿದ್ದರೆ ಶಾಪ ಅಂತಿದೆಯಲ್ಲ, ಇದಕ್ಕೇನಂತೀಯಾ ಅನ್ನುತ್ತಾರೆ. ಇದೆ, ಇಲ್ಲ ಅನ್ನೋಲ್ಲ. ಆದರೆ ಅದೇ ಬೈಬಲಿನಲ್ಲಿ ಯೋಬನ ಪುಸ್ತಕವೂ ಇದೆ. ಯೋಬ ಒಳ್ಳೆಯವನು, ಆದರೂ ಆಸ್ತಿ, ಮಕ್ಕಳು, ಆರೋಗ್ಯ ಎಲ್ಲ ಹೋಯಿತು. ಗೆಳೆಯರು ಬಂದು ಕೂತು, ನೀನು ಏನೋ ತಪ್ಪು ಮಾಡಿರಲೇಬೇಕು ಅಂತ ಅಧ್ಯಾಯಗಟ್ಟಲೆ ಕೊರೆಯುತ್ತಾರೆ. ಕೊನೆಗೆ ದೇವರು ಸಿಟ್ಟಾಗೋದು ಯಾರ ಮೇಲೆ? ಆ ಗೆಳೆಯರ ಮೇಲೆ! ನನ್ನ ವಿಷಯವಾಗಿ ಸರಿಯಾದ್ದನ್ನು ಆಡಲಿಲ್ಲ ಅಂತ. ಯೋಹಾನನ ಸುವಾರ್ತೆಯ ಒಂಬತ್ತನೇ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ತೋರಿಸಿ, ಇವನು ಪಾಪ ಮಾಡಿದನೋ ಇವನ ಅಪ್ಪ ಅಮ್ಮನೋ ಅಂತ ಶಿಷ್ಯರು ಕೇಳುತ್ತಾರೆ. ಯೇಸುವಿನ ಉತ್ತರ, ಇವನೂ ಅಲ್ಲ ಅವರೂ ಅಲ್ಲ. ನಮ್ಮ ನಡತೆಗೆ ಫಲ ಇರಬಹುದು. ಆದರೆ ಕಷ್ಟ ನೋಡಿ ದೇವರ ಪ್ರೀತಿಯ ಮೀಟರ್ ಓದೋದಕ್ಕೆ ಬರೋದಿಲ್ಲ.

ಎರಡನೇ ವಾದ: ಏನು ಮಾಡಿದರೂ ಪ್ರೀತಿ ಕಮ್ಮಿಯಾಗೋಲ್ಲ ಅಂದರೆ ಜನ ಕೆಟ್ಟು ಹೋಗೋಲ್ಲವೇ? ಇದನ್ನು ಡೀಟ್ರಿಚ್ ಬಾನ್‌ಹಾಫರ್ 1937ರಲ್ಲೇ ಗಂಭೀರವಾಗಿ ತೆಗೆದುಕೊಂಡಿದ್ದ. ಬದುಕನ್ನು ಬದಲಿಸದ ಕೃಪೆಯನ್ನು ಅವನು ಅಗ್ಗದ ಕೃಪೆ ಅಂತ ಕರೆದ. ಆದರೆ ಅದಕ್ಕೆ ಮದ್ದಾಗಿ ಅವನು ಕೃಪೆಗೆ ರೇಟು ಕಟ್ಟಲಿಲ್ಲ. ಪ್ರೀತಿ ಸಿಕ್ಕಿದವನು ಆ ಪ್ರೀತಿಯ ಹಿಂದೆ ನಡೆಯಬೇಕು ಅಂದ, ತಾನೂ ನಡೆದ. ಹಿಟ್ಲರನ ವಿರುದ್ಧ ನಿಂತದ್ದಕ್ಕೆ 1945ರ ಏಪ್ರಿಲ್ 9ರಂದು ಅವನನ್ನು ಗಲ್ಲಿಗೇರಿಸಿದರು. ಸಮೃದ್ಧಿಯ ಲೆಕ್ಕದಲ್ಲಿ ಬಾನ್‌ಹಾಫರ್ ಫೇಲ್ ಆದವನು. ಹಾಗಂತ ಹೇಳುವ ಧೈರ್ಯ ಯಾರಿಗಾದರೂ ಇದೆಯಾ?

ಮೂರನೆಯದು ನರಕದ ಪ್ರಶ್ನೆ. ಬದಲಾಗದ ಪ್ರೀತಿ ಇದ್ದ ಮೇಲೆ ನರಕ ಯಾಕೆ? ನಿಜಕ್ಕೂ ಕಷ್ಟದ ಪ್ರಶ್ನೆ, ಎರಡು ಸಾಲಲ್ಲಿ ತೀರುವಂಥದಲ್ಲ. ಆದರೂ ಏಳನೇ ಶತಮಾನದ ನಿನೆವೆಯ ಐಸಾಕ್ ಹೇಳಿದ್ದು ನೋಡಿ. ನರಕದಲ್ಲಿರುವವರನ್ನು ಸುಡೋದು ಕೂಡ ಪ್ರೀತಿಯೇ, ಪ್ರೀತಿಗೆ ದ್ರೋಹ ಮಾಡಿದೆವಲ್ಲ ಅನ್ನುವ ಸಂಕಟವೇ ಆ ಬೆಂಕಿ ಅಂತಾನೆ. ಪಾಪಿಗಳಿಗೆ ದೇವರ ಪ್ರೀತಿ ಇಲ್ಲ ಅನ್ನೋದೇ ತಪ್ಪು ಅಂತ ಅವನ ಮಾತು. ಅದಕ್ಕೂ ಮುಂಚೆ ಓರಿಜೆನ್ ಒಂದು ಹೋಲಿಕೆ ಕೊಟ್ಟಿದ್ದ. ಒಂದೇ ಬಿಸಿಲು ಮೇಣವನ್ನು ಕರಗಿಸುತ್ತದೆ, ಜೇಡಿಮಣ್ಣನ್ನು ಗಟ್ಟಿ ಮಾಡುತ್ತದೆ. ಬಿಸಿಲು ಎರಡಾಗಲಿಲ್ಲ. ಇದನ್ನು ನೀವು ಒಪ್ಪದಿರಬಹುದು. ಆದರೆ ನರಕದ ಬಗ್ಗೆ ಮಾತಾಡುವಾಗಲೂ ಪ್ರೀತಿ ಬದಲಾಯಿತು ಅಂತ ಹೇಳೋದಕ್ಕೆ ಇವರು ಹಿಂಜರಿದರು. ನಮ್ಮವರು ಕಾಣಿಕೆ ಕವರಿಗಾಗಿ ಹಿಂಜರಿಯೋದಿಲ್ಲ.

ನಾಲ್ಕನೇ ಪ್ರಶ್ನೆ ನನ್ನಂಥವರದೇ. ಬದಲಾಗದ ಪ್ರೀತಿ ಅಂದರೆ ಕಲ್ಲಿನಂತೆ ಅಲ್ಲಾಡದೆ ಕೂತಿರೋದಾ? ಹನ್ನೊಂದನೇ ಶತಮಾನದ ಆನ್ಸೆಲ್ಮ್, ದೇವರ ಕರುಣೆ ನಮ್ಮ ಅನುಭವಕ್ಕೆ ಬರುತ್ತದೆ, ಆದರೆ ದೇವರೊಳಗೆ ನಮ್ಮ ಹಾಗೆ ಕರುಳು ಹಿಂಡುವುದಿಲ್ಲ ಅಂದ. ಯುರ್ಗೆನ್ ಮೋಲ್ಟ್‌ಮನ್ ಇದನ್ನು ಒಪ್ಪಲಿಲ್ಲ. 1943ರಲ್ಲಿ ಹ್ಯಾಂಬರ್ಗ್ ಮೇಲೆ ಬಾಂಬು ಬಿದ್ದಾಗ ಹದಿನೇಳರ ಹುಡುಗನಾಗಿದ್ದ ಅವರ ಪಕ್ಕದಲ್ಲೇ ಗೆಳೆಯ ಸತ್ತುಬಿದ್ದ. ನೋವು ತಟ್ಟದ ದೇವರು ಪ್ರೀತಿಸಲಾರ ಅಂತ 1972ರಲ್ಲಿ 'ಶಿಲುಬೆಗೇರಿದ ದೇವರು' ಅನ್ನುವ ಅರ್ಥದ ಹೆಸರಿಟ್ಟು ಪುಸ್ತಕ ಬರೆದರು. ನನಗೆ ಮೋಲ್ಟ್‌ಮನ್ನೇ ಹತ್ತಿರ. ಅಮ್ಮ ಅಳುತ್ತಾಳೆ, ನಗುತ್ತಾಳೆ, ಬೈಯುತ್ತಾಳೆ, ಅವಳ ಪ್ರೀತಿ ಮಾತ್ರ ಅಷ್ಟೇ ಇರುತ್ತದೆ. ಆದರೆ ನಾನು ಹೇಳಬೇಕಾದ್ದು ಬೇರೆ. ಒಂಬೈನೂರು ವರ್ಷದ ಅಂತರದಲ್ಲಿ ಕೂತು ಜಗಳ ಆಡುವ ಈ ಇಬ್ಬರೂ ಒಂದು ವಿಷಯದಲ್ಲಿ ಒಂದೇ ಕಡೆ ಇದ್ದಾರೆ. ಆ ಪ್ರೀತಿಯನ್ನು ನಾವು ಕೊಟ್ಟು ಏರಿಸೋದಕ್ಕೂ ಆಗೋಲ್ಲ, ಬಿಟ್ಟು ಇಳಿಸೋದಕ್ಕೂ ಆಗೋಲ್ಲ.

ಕೊನೆಯದಾಗಿ ನಮ್ಮವರದ್ದೇ ಒಂದು ಬುದ್ಧಿಮಾತು. "ಇದನ್ನೆಲ್ಲ ಹೊರಗೆ ಯಾಕೆ ಬರೀತೀಯಾ? ಮೊದಲೇ ನಮ್ಮನ್ನು ಕಂಡರೆ ಆಗದವರಿದ್ದಾರೆ." ಈ ಭಯ ಸುಳ್ಳಲ್ಲ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಸುತ್ತಮುತ್ತ ಚರ್ಚುಗಳ ಮೇಲೆ ದಾಳಿ ಆದದ್ದು ನಮ್ಮ ಮನೆಗಳಲ್ಲಿ ಯಾರೂ ಮರೆತಿಲ್ಲ. ಹಾಗಂತ ಒಳಗಿನ ಮೋಸಕ್ಕೆ ಸುಮ್ಮನಿದ್ದರೆ ಪೆಟ್ಟು ಬೀಳೋದು ನಮ್ಮ ದೊಡ್ಡಮ್ಮಂದಿರಿಗೆ. ಇದು ಹೊರಗಿನವರು ಹೇಳಿಕೊಟ್ಟ ಟೀಕೆಯೂ ಅಲ್ಲ. ಈ ಬೋಧನೆ ಜೋರಾಗಿರುವ ಆಫ್ರಿಕಾದ ಕ್ರೈಸ್ತ ವಿದ್ವಾಂಸರೇ 2008 ಮತ್ತು 2009ರಲ್ಲಿ ಘಾನಾದಲ್ಲಿ ಸೇರಿ, ಲೌಸಾನ್ ಚಳವಳಿಯ ಪರವಾಗಿ, ಇದು ಬೈಬಲಿಗೆ ವಿರುದ್ಧ ಅಂತ ಹೇಳಿಕೆ ಬರೆದರು. ಇನ್ನು, "ನೋಡಿದ್ರಾ, ಅವರ ಹುಡುಗನೇ ಹೇಳ್ತಾನೆ" ಅಂತ ಇದನ್ನು ಎತ್ತಿಕೊಂಡು ಕುಣಿಯುವವರಿಗೆ ಒಂದೇ ಮಾತು. ಭಯ ಮಾರುವ ಅಂಗಡಿ ನಿಮ್ಮ ಬೀದಿಯಲ್ಲೂ ಇದೆ. ಮೊದಲು ಅದರ ಶಟರ್ ಎಳೆಯಿರಿ, ಆಮೇಲೆ ನಮ್ಮ ಬೀದಿಗೆ ಬನ್ನಿ.

ಕಾಣಿಕೆ ಕೊಡಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಪಾದ್ರಿಗಳಿಗೂ ಹೊಟ್ಟೆ ಇದೆ, ಚರ್ಚಿನ ಮಾಡು ಸೋರಿದರೆ ರಿಪೇರಿ ಆಗಬೇಕು, ಬಡವರಿಗೆ ಕೊಡೋದು ನಂಬಿಕೆಯ ಭಾಗವೇ. ಪ್ರೀತಿ ಸಿಕ್ಕಿದೆ ಅಂತ ಖುಷಿಯಿಂದ ಕೊಡಿ, ಸಿಗಲಿ ಅಂತ ಹೆದರಿ ಕೊಡಬೇಡಿ. ಪ್ರಾರ್ಥನೆ ಮಾಡಿ, ಜೊತೆಗೆ ಮಾತ್ರೆಯನ್ನೂ ನುಂಗಿ.

ಮುಂದಿನ ಸಲ ಯಾರಾದರೂ ನಿಮ್ಮ ಮನೆಯ ರೋಗಿಯ ಮಂಚದ ಪಕ್ಕ ಕೂತು ಮಲಾಕಿ ಮೂರನೇ ಅಧ್ಯಾಯದ ಹತ್ತನೇ ವಚನ ತೆಗೆದರೆ ಬಾಗಿಲು ಹಾಕಬೇಡಿ. ಕಾಫಿ ಕೊಡಿ. ಕೊಟ್ಟು, ಅಯ್ಯಗಳೇ, ಐದನೇ ವಚನದಿಂದ ಓದಿ, ಜೋರಾಗಿ ಓದಿ, ಒಳಗಿರುವವರಿಗೂ ಕೇಳಿಸಲಿ ಅನ್ನಿ. ಆರನೆಯದಕ್ಕೆ ಬಂದಾಗ ಇನ್ನೊಂದು ಸಲ ಓದಿಸಿ.

ನನ್ನನ್ನು ಬೈಯುವುದಿದ್ದರೆ ಧಾರಾಳವಾಗಿ ಬೈಯಿರಿ. ಆ ಅಧ್ಯಾಯ ಪೂರ್ತಿ ಓದಿ ಬೈಯಿರಿ, ಅಷ್ಟೇ.